ಬಟಾಟೆಯ ಲೆಕ್ಕಕ್ಕೊಂದು ಪದಕ

ಸನ್ಮಾನ ಪತ್ರ ಬರೆಯುವ ಕೆಲಸವನ್ನು ಊರಿನವರು ನನಗೆ ಯಾವಾಗ ವಹಿಸಿದರೋ ನೆನಪಿಲ್ಲ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ತಪ್ಪಿಗೆ ಬಿದ್ದ ದಂಡ ಅದು. ನಿವೃತ್ತ ಅಂಚೆಯವರು, ಮದ್ದಳೆಗಾರರು, ನಾಟಿ ವೈದ್ಯರು, ಹಾಲಿನ ಸೊಸೈಟಿಯ ಅಧ್ಯಕ್ಷರು, ಎಲ್ಲರಿಗೂ ನಾನೇ ಬರೆದಿದ್ದೇನೆ. ಅದಕ್ಕೊಂದು ಅಚ್ಚು ಇದೆ. ನಾಲ್ಕೇ ಪ್ಯಾರಾ: ಮೊದಲನೆಯದರಲ್ಲಿ ಹುಟ್ಟು, ಎರಡನೆಯದರಲ್ಲಿ ಸಾಧನೆ, ಮೂರನೆಯದರಲ್ಲಿ ಸರಳ ಸಜ್ಜನಿಕೆ, ನಾಲ್ಕನೆಯದರಲ್ಲಿ ಆಯುರಾರೋಗ್ಯ. ಮೇಲೆ ಹೂಬಳ್ಳಿಯ ಅಂಚು, ಕೆಳಗೆ ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿ, ಸುತ್ತ ಚಿನ್ನದ ಬಣ್ಣದ ಚೌಕಟ್ಟು. ಬರೆಯಲು ಅರ್ಧ ಗಂಟೆ ಸಾಕು.

ಈ ಜನವರಿಯಲ್ಲಿ ಮಾತ್ರ ಮೂರು ರಾತ್ರಿ ಕೂತರೂ ಎರಡನೆಯ ಪ್ಯಾರಾ ಆಗಲಿಲ್ಲ.

ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವ ಗಣರಾಜ್ಯೋತ್ಸವದ ಸಂಜೆ ನಡೆಯುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಂಬಳೆಗೆ ಹೋಗುವ ರಸ್ತೆಯ ಬದಿಗೆ ನಮ್ಮ ಊರು. ಈ ಸಲ ಸನ್ಮಾನಕ್ಕೆ ಸಿಕ್ಕವರು ನನ್ನ ಸೋದರಮಾವ, ಸೇನೆಯಲ್ಲಿ ಕರ್ನಲ್ ಆಗಿ 1998ರಲ್ಲಿ ನಿವೃತ್ತರಾದವರು. ಕಾರ್ಯದರ್ಶಿ ಮನೆಗೆ ಬಂದು ಮಜ್ಜಿಗೆ ಕುಡಿದು ಕೇಳಿದ: “ಯಾವ ಯುದ್ಧ ಎಂದು ಸರಿಯಾಗಿ ಬರೆಯಿರಿ ಮಾಸ್ತರೇ. ಕಾರ್ಗಿಲ್ ಅಲ್ಲವೇ?”

“ಕಾರ್ಗಿಲ್ ಆದದ್ದು 1999ರಲ್ಲಿ. ಅಷ್ಟರಲ್ಲಿ ಅವರು ಇಲ್ಲಿ ತೋಟಕ್ಕೆ ಮದ್ದು ಬಿಡಿಸುತ್ತಿದ್ದರು.”

“ಹಾಗಾದರೆ ಎಪ್ಪತ್ತೊಂದು?”

“ಆಗ ಸೇನೆಯಲ್ಲಿದ್ದರು. ಆದರೆ…”

“ಸಾಕು. ಎಪ್ಪತ್ತೊಂದು ಎಂದು ಹಾಕಿ” ಎಂದು ಹೇಳಿ ಲೋಟ ಕೆಳಗಿಟ್ಟು ಹೋದ. ಪ್ರೆಸ್ಸಿಗೆ ಕೊಡಲು ಮೂರು ದಿನವಿತ್ತು.

ಆ ‘ಆದರೆ’ಯ ಜೊತೆ ನಾನು ಬೆಳೆದವನು. ಐದನೆಯ ತರಗತಿಯಲ್ಲಿದ್ದಾಗ ಸಹಪಾಠಿಗಳ ಮುಂದೆ, ನನ್ನ ಮಾವ ಪಾಕಿಸ್ತಾನದ ಒಂದು ಟ್ಯಾಂಕನ್ನು ಒಬ್ಬರೇ ಸುಟ್ಟರು ಎಂದು ಹೇಳಿದ್ದೆ. ಮರುವಾರ ಅದು ಎರಡು ಟ್ಯಾಂಕ್ ಆಯಿತು. ಬೇಸಗೆ ರಜೆಯಲ್ಲಿ ಮಾವ ಊರಿಗೆ ಬಂದಾಗ ಗೆಳೆಯನೊಬ್ಬ ನೇರವಾಗಿ ಅವರನ್ನೇ ಕೇಳಿಬಿಟ್ಟ. ಮಾವ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. “ಟ್ಯಾಂಕಿಗೆ ಡೀಸೆಲ್ ಹಾಕಿಸಿದ್ದೇನೆ. ಸುಟ್ಟ ನೆನಪಿಲ್ಲ” ಎಂದರು. ಉಳಿದ ರಜೆಯೆಲ್ಲ ನಾನು ಆ ಗೆಳೆಯನಿಂದ ತಲೆ ತಪ್ಪಿಸಿಕೊಂಡು ತಿರುಗಿದೆ. ಮಾವನ ಮೇಲೆ ಸಿಟ್ಟೂ ಬಂದಿತ್ತು. ಒಂದೇ ಒಂದು ಟ್ಯಾಂಕಾದರೂ ಸುಡಬಾರದಿತ್ತೇ?

ಮಾವನಿದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಸೈನ್ಯಕ್ಕೆ ಅಕ್ಕಿ, ಗೋಧಿ, ಎಣ್ಣೆ, ಪೆಟ್ರೋಲು, ಲಾರಿ ಒದಗಿಸುವ ವಿಭಾಗ. ‘ಸೇವಾ ಅಸ್ಮಾಕಂ ಧರ್ಮಃ’ ಎಂಬುದು ಅದರ ಧ್ಯೇಯವಾಕ್ಯ. 1968ರಲ್ಲಿ ಸೇರಿದವರು ಹತ್ತು ವರ್ಷ ಕಳೆದ ಮೇಲೆ ಪರೀಕ್ಷೆ ಪಾಸಾಗಿ ನೀಲಗಿರಿಯ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿಗೆ, ಎಂದರೆ ಅಧಿಕಾರಿಗಳಿಗೆ ಸೇನೆಯ ಯೋಜನೆ, ಆಡಳಿತಗಳನ್ನು ಕಲಿಸುವ ಕಾಲೇಜಿಗೆ ಹೋದರು. ಅಲ್ಲಿಂದ ಮುಂದೆ ಅವರ ಬದುಕಿನ ಬಹುಭಾಗ ಕಳೆದದ್ದು ಮೇಜಿನ ಹಿಂದೆ. ಕತ್ತಿಗಳ ಜೊತೆ ಕೂತ ಗೂಬೆ ಆ ಕಾಲೇಜಿನ ಲಾಂಛನ. ಅಲ್ಲಿ ಕಲಿತವರು ತಮ್ಮನ್ನು ‘ಗೂಬೆಗಳು’ ಎಂದು ಹೆಮ್ಮೆಯಿಂದಲೇ ಕರೆದುಕೊಳ್ಳುತ್ತಾರೆ. ಆ ಲಾಂಛನವಿದ್ದ ಫಲಕವನ್ನು ಮಾವ ಮೊದಲ ಸಲ ಮನೆಗೆ ತಂದಾಗ ಅಜ್ಜಿ ಅದನ್ನು ಚಾವಡಿಯಲ್ಲಿ ತೂಗುಹಾಕಲು ಬಿಡಲಿಲ್ಲ. ಗೂಬೆ ಮನೆಯೊಳಗೆ ಬಂದರೆ ಆರು ತಿಂಗಳು ಮನೆ ಬಿಡಬೇಕು ಎಂಬುದು ಆಕೆಯ ಶಾಸ್ತ್ರ. ಫಲಕ ಅಡಿಕೆ ಕೋಣೆಗೆ ಹೋಯಿತು. ಈಗಲೂ ಅಲ್ಲೇ ಇದೆ, ತಕ್ಕಡಿಯ ಮೇಲ್ಗಡೆ.

ಪತ್ರದ ವಿಷಯ ಮಾತಾಡಲು ಹೋದಾಗ ಮಾವ ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ಎಪ್ಪತ್ತೊಂಬತ್ತರ ಕಣ್ಣು ಈಗಲೂ ಪಟೋರ, ಉಳ್ಳಿ, ಕರಿಗೋಟು ಎಂಬ ಅಡಿಕೆಯ ದರ್ಜೆಗಳನ್ನು ಬೇರೆ ಮಾಡುವುದರಲ್ಲಿ ಸೋಲುವುದಿಲ್ಲ. ಅರವತ್ತೊಂದು ತುಂಬಿದ ನನ್ನನ್ನು ‘ಮಾಣಿ’ ಎಂದು ಕರೆಯಲು ಈ ಲೋಕದಲ್ಲಿ ಉಳಿದವರು ಅವರೊಬ್ಬರೇ.

“ಮಾವ, ನಿಮಗೆ ಪದಕ ಬಂದದ್ದು ಯಾತಕ್ಕೆ ಎಂದು ಬರೆಯಲಿ?”

“ಬಟಾಟೆಗೆ ಎಂದು ಬರೆ.”

ತಮಾಷೆ ಎಂದುಕೊಂಡೆ. ಅವರು ಒಳಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಕಂಚಿನ ದುಂಡನೆಯ ಪದಕ, ಅದರಲ್ಲಿ ಐದು ಮೂಲೆಯ ನಕ್ಷತ್ರ, ಹಿಂದೆ ಸಿಂಹಗಳ ಲಾಂಛನ. ಹಳದಿ ಪಟ್ಟಿಯ ಮೇಲೆ ಕಡುನೀಲಿಯ ಮೂರು ಗೆರೆ. ವಿಶಿಷ್ಟ ಸೇವಾ ಪದಕ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಾನು ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಜೊತೆಗಿದ್ದ ಮಾಸಿದ ಕಾಗದದಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ನಾಲ್ಕು ಸಾಲು: ಉನ್ನತ ಮಟ್ಟದ ವಿಶಿಷ್ಟ ಸೇವೆಗಾಗಿ. ಏನು ಸೇವೆ, ಎಲ್ಲಿ, ಯಾವಾಗ? ಒಂದಕ್ಷರವೂ ಇಲ್ಲ. ನನ್ನ ಸನ್ಮಾನ ಪತ್ರಗಳೇ ವಾಸಿ. ಅವುಗಳಲ್ಲಿ ಹುಟ್ಟಿದ ಮನೆಯ ಹೆಸರಾದರೂ ಇರುತ್ತದೆ.

ಈ ಪದಕದ ಚರಿತ್ರೆ ಸ್ವಲ್ಪ ಮೋಜಿನದು. 1960ರ ಜನವರಿ 26ರಂದು ಇದನ್ನು ಆರಂಭಿಸಿದಾಗ ರೈಲಿನ ಡಬ್ಬಿಯ ಹಾಗೆ ಒಂದನೆಯ ದರ್ಜೆ, ಎರಡನೆಯ ದರ್ಜೆ, ಮೂರನೆಯ ದರ್ಜೆ ಎಂದು ಹೆಸರಿಟ್ಟಿದ್ದರು. ಮೂರನೆಯ ದರ್ಜೆಯ ಪದಕವನ್ನು ಎದೆಗೆ ಚುಚ್ಚಿಕೊಂಡು ಯಾರಿಗೆ ಸಂತೋಷವಾದೀತು? 1967ರಲ್ಲಿ ಹೆಸರು ಬದಲಾಗಿ ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಎಂದಾಯಿತು. ಪಟ್ಟಿಯ ಬಣ್ಣ ಮೂರಕ್ಕೂ ಒಂದೇ, ಗೆರೆಗಳಲ್ಲಿ ವ್ಯತ್ಯಾಸ. ವಿಶಿಷ್ಟಕ್ಕೆ ಮೂರು ಗೆರೆ, ಅತಿ ವಿಶಿಷ್ಟಕ್ಕೆ ಎರಡು, ಪರಮ ವಿಶಿಷ್ಟಕ್ಕೆ ಒಂದೇ ಒಂದು. ಮೇಲೇರಿದ ಹಾಗೆ ಗೆರೆ ಕಡಿಮೆಯಾಗುತ್ತದೆ. ಯುದ್ಧ ನಡೆಯುವಾಗ ಸಲ್ಲಿಸಿದ ಇಂಥದೇ ಸೇವೆಗೆ ಸರ್ವೋತ್ತಮ ಯುದ್ಧ ಸೇವಾ, ಉತ್ತಮ ಯುದ್ಧ ಸೇವಾ, ಯುದ್ಧ ಸೇವಾ ಎಂಬ ಮತ್ತೊಂದು ಸಾಲನ್ನು 1980ರಲ್ಲಿ ಸೇರಿಸಿದರು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳ ದಾರಿಯೇ ಬೇರೆ. ಅವು ಶತ್ರುವಿನ ಎದುರು ನಿಂತವರಿಗೆ. ಇವು ಶತ್ರುವಿನ ಮುಖವನ್ನೇ ನೋಡದೆ ಮೂವತ್ತು ವರ್ಷ ದುಡಿದವರಿಗೂ ಸಲ್ಲುತ್ತವೆ.

ಪರಮ, ಅತಿ ಎರಡನ್ನೂ ರಾಷ್ಟ್ರಪತಿ ಭವನದಲ್ಲಿ ರಾಷ್ಟ್ರಪತಿಗಳೇ ತೊಡಿಸುತ್ತಾರೆ. ಬರೀ ವಿಶಿಷ್ಟದವರಿಗೆ ಆ ಭಾಗ್ಯವಿಲ್ಲ. ಸೇನೆಯವರೇ ತಮ್ಮ ಸಮಾರಂಭದಲ್ಲಿ ಕೊಡುತ್ತಾರೆ. ಅತ್ತೆ ಹೋಗಿದ್ದರು. ಬ್ಯಾಂಡು ಚೆನ್ನಾಗಿತ್ತು, ಸಮೋಸ ತಣ್ಣಗಿತ್ತು ಎಂಬುದು ಅವರ ವರದಿ.

ನನ್ನೊಳಗಿನ ವ್ಯಾಕರಣದ ಮೇಷ್ಟರು ಸುಮ್ಮನಿರಲಿಲ್ಲ. ‘ವಿಶಿಷ್ಟ’ವೆಂದರೆ ಬೇರೆಯಾಗಿ ನಿಂತದ್ದು. ಬೇರೆಯಾಗಿ ನಿಂತದ್ದಕ್ಕೆ ಮತ್ತೆ ‘ಅತಿ’ ಯಾಕೆ, ‘ಪರಮ’ ಯಾಕೆ ಎಂದು ಮಾವನ ಮುಂದೆ ವಾದ ಹೂಡಿದೆ. ಹಾಗೆ ಹೇಳುತ್ತಲೇ ಧಾತು ನೆನಪಾಯಿತು. ವಿಶೇಷ, ವಿಶಿಷ್ಟ, ಶೇಷ, ಅವಶೇಷ, ಎಲ್ಲಕ್ಕೂ ಒಂದೇ ಮೂಲ. ‘ಉಳಿಸು’ ಎಂದು ಅರ್ಥ. ಭಾಗಾಕಾರದಲ್ಲಿ ಕೊನೆಗೆ ಕೆಳಗೆ ಉಳಿಯುವ ಶೇಷ ಇದೆಯಲ್ಲ, ಅದೇ. ಮಾವನಿಗೆ ಇದು ಬಹಳ ಹಿಡಿಸಿತು. “ಹಾಗಾದರೆ ಪದಕ ಸರಿಯಾದವನಿಗೇ ಬಂದಿದೆ” ಎಂದರು. “ನನ್ನ ಕೆಲಸ ಅದೇ ಆಗಿತ್ತು. ಮಾರ್ಚ್ ತಿಂಗಳಲ್ಲಿ ಎಷ್ಟು ಉಳಿದಿರುತ್ತದೆ ಎಂದು ಆಗಸ್ಟಿನಲ್ಲಿ ಹೇಳುವುದು.”

ಆಮೇಲೆ ಬಟಾಟೆಗೆ ಬಂದರು.

ಎಂಬತ್ತರ ದಶಕದ ಕೊನೆಯಲ್ಲಿ ಅವರು ಲೇಹ್‌ನಲ್ಲಿ ಸ್ಟಾಫ್ ಅಧಿಕಾರಿ. ಶ್ರೀನಗರದಿಂದ ಲೇಹ್‌ಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುವೆ ಸುಮಾರು 3,500 ಮೀಟರ್ ಎತ್ತರದಲ್ಲಿ ಜೋಜಿಲಾ ಕಣಿವೆ. ಆ ಕಾಲದಲ್ಲಿ ಹಿಮ ಬಿದ್ದು ಜೋಜಿಲಾ ಮುಚ್ಚಿತೆಂದರೆ ತೆರೆಯುವುದು ಬೇಸಗೆಗೇ. ಅಷ್ಟು ತಿಂಗಳಿಗೆ ಬೇಕಾದ ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧಿ, ಮದ್ದುಗುಂಡು, ಬೂಟು, ಬೆಂಕಿಪೊಟ್ಟಣ ಎಲ್ಲವೂ ಮೊದಲೇ ಮೇಲೆ ಹೋಗಿರಬೇಕು. ವಿಮಾನವಿದೆ, ಆದರೆ ಅದರಲ್ಲಿ ಬರುವ ಒಂದೊಂದು ಕಿಲೋಗೂ ಬಂಗಾರದ ಬೆಲೆ. ಅದೂ ಮೋಡ ಮುಸುಕಿದರೆ ಇಲ್ಲ. ಮೇಲಿನ ಠಾಣೆಗಳಲ್ಲಿ ಸೀಮೆಎಣ್ಣೆ ಬರೀ ಉರುವಲಲ್ಲ. ಕುಡಿಯುವ ನೀರಾಗಬೇಕಾದರೂ ಹಿಮ ಕರಗಬೇಕಲ್ಲವೇ?

“ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ ಮಾಣಿ. ಲಡಾಖ್ ಎಂದರೆ ಆರು ತಿಂಗಳ ಆಟಿ.”

ಅರ್ಥವಾಗದೆ ಇರುತ್ತದೆಯೇ? ಆಟಿಯೆಂದರೆ ತುಳುನಾಡಿನ ಜಡಿಮಳೆಯ ತಿಂಗಳು. ನಮ್ಮ ಕಡೆ ಮಳೆಗಾಲ ಹಿಡಿದರೆ ಹಿಂದೆ ಹೊರಗಿನ ಲೋಕ ಮುಚ್ಚಿದ ಹಾಗೆಯೇ. ತೋಡು ತುಂಬಿ ಸಂಕ ಮುಳುಗಿದರೆ ಅಂಗಡಿಯಿಲ್ಲ, ಪೇಟೆಯಿಲ್ಲ. ಅದಕ್ಕೆ ಎಪ್ರಿಲ್, ಮೇ ತಿಂಗಳ ಬಿಸಿಲಿನಲ್ಲೇ ಅಜ್ಜಿಯ ಯುದ್ಧಸಿದ್ಧತೆ ಶುರು. ಕಟ್ಟಿಗೆ ಕೊಟ್ಟಿಗೆಯಲ್ಲಿ, ಹಲಸಿನ ಹಪ್ಪಳ ಡಬ್ಬಿಯಲ್ಲಿ, ಉಪ್ಪುಸೊಳೆ ಮತ್ತು ನೀರುಮಾವಿನಕಾಯಿ ಭರಣಿಯಲ್ಲಿ, ಅಕ್ಕಿಮುಡಿ ಅಟ್ಟದಲ್ಲಿ. ಆಷಾಢದ ಯಾವ ವಾರ ಯಾವ ಭರಣಿಯ ಬಾಯಿ ತೆರೆಯಬೇಕು ಎಂಬುದು ಆಕೆಯ ತಲೆಯೊಳಗೆ ಬರೆದಿತ್ತು. ಹೊತ್ತಿಗೆ ಮೊದಲೇ ತೆರೆದ ಮಕ್ಕಳಿಗೆ ಬೆನ್ನ ಮೇಲೆ ಪ್ರಸಾದ. ಸ್ಟಾಫ್ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಅಟ್ಟದ ಕೆಳಗೆ ಕಲಿತೆ ಎಂದು ಮಾವ ಹೇಳುವುದು ಉಪಚಾರಕ್ಕಲ್ಲ.

ಅವರು ನನ್ನ ಕರಡಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಉದಾಹರಣೆಗೆ ಹತ್ತು ಸಾವಿರ ಜನ, 180 ದಿನ, ಒಬ್ಬನಿಗೆ ದಿನಕ್ಕೆ 100 ಗ್ರಾಂ ಬಟಾಟೆ ಎಂದಿಟ್ಟುಕೊಳ್ಳೋಣ. ಒಟ್ಟು 180 ಟನ್. ದಾರಿಯಲ್ಲಿಯೂ ದಾಸ್ತಾನಿನಲ್ಲಿಯೂ ಹತ್ತರಲ್ಲಿ ಒಂದು ಕೊಳೆಯುತ್ತದೆ. ಹಾಗಾದರೆ ಎಷ್ಟು ಕಳಿಸಬೇಕು?

“180ರ ಹತ್ತನೆಯ ಒಂದು 18. ಸೇರಿಸಿದರೆ 198 ಟನ್” ಎಂದೆ.

“ನಾನೂ ಹಾಗೆಯೇ ಬರೆದಿದ್ದೆ. ನನ್ನ ಹವಾಲ್ದಾರ್ ಕ್ಲರ್ಕ್ ಕಾಗದ ಹಿಡಿದುಕೊಂಡು ಬಂದು ನಿಂತ. ಸಾಬ್, ಕೊಳೆಯುವುದು ಹೊರಟ ಬಟಾಟೆಯಲ್ಲಿ ಹತ್ತನೆಯ ಒಂದು, ತಲುಪಿದ ಬಟಾಟೆಯಲ್ಲಿ ಅಲ್ಲ ಎಂದ. 198 ಹೊರಟರೆ ಸುಮಾರು 20 ಕೊಳೆಯುತ್ತದೆ. ತಲುಪುವುದು 178 ಮಾತ್ರ. ಕಳಿಸಬೇಕಾದದ್ದು 200. ಎರಡು ಟನ್ನಿನ ತಪ್ಪು. ಹತ್ತು ಸಾವಿರ ಜನರಿಗೆ ಎರಡು ದಿನ ಪಲ್ಯವಿಲ್ಲ.”

ಬಟಾಟೆಯಲ್ಲಿ ಆದದ್ದು ಪಲ್ಯದ ನಷ್ಟ. ಅದೇ ತಪ್ಪು ಸೀಮೆಎಣ್ಣೆಯಲ್ಲಿ ಆದರೆ? ಆ ವರ್ಷ ಮಾವ ಎಲ್ಲ ವಸ್ತುಗಳ ಪಟ್ಟಿಯನ್ನೂ ಹೊಸದಾಗಿ ಲೆಕ್ಕ ಹಾಕಿಸಿದರು. ಲಾರಿಗಳು ಯಾವ ಸರದಿಯಲ್ಲಿ ಏನನ್ನು ಹೊರಬೇಕು ಎಂಬುದನ್ನು ಬದಲಿಸಲು ಹದಿನಾಲ್ಕು ಪುಟದ ಟಿಪ್ಪಣಿ ಬರೆದರು. ಅದನ್ನು ಒಪ್ಪಿಸಲು ನಾಲ್ಕು ಮೇಜು ಹತ್ತಿ ಇಳಿದರು. ಹಿಮ ಆ ಸಲ ಎರಡು ವಾರ ಬೇಗ ಬಿತ್ತು. ಜೋಜಿಲಾ ಮುಚ್ಚಿತು.

“ಆಮೇಲೆ?” ನಾನು ಪೆನ್ನು ಹಿಡಿದು ಕೂತಿದ್ದೆ. ಎರಡನೆಯ ಪ್ಯಾರಾ ಬರುತ್ತಿದೆ ಎಂದು ಭಾಸವಾಗಿತ್ತು.

“ಆಮೇಲೆ ಏನೂ ಆಗಲಿಲ್ಲ.”

ಇಲ್ಲಿಯೇ ನನ್ನ ಕನ್ನಡ ಕೈಕೊಟ್ಟದ್ದು. ಏನೂ ಆಗದಿದ್ದುದನ್ನು ಸನ್ಮಾನ ಪತ್ರದಲ್ಲಿ ಬರೆಯುವುದು ಹೇಗೆ? ಒಬ್ಬ ಮನುಷ್ಯ ಸೇತುವೆ ಕಟ್ಟಿದರೆ ಸೇತುವೆ ಕಾಣುತ್ತದೆ, ಗುಂಡು ತಿಂದರೆ ಗಾಯ ಕಾಣುತ್ತದೆ. ಇವರ ಸಾಧನೆ ಮಾರ್ಚ್ ತಿಂಗಳಲ್ಲಿ ಯಾರೂ ಹಸಿದಿರಲಿಲ್ಲ ಎಂಬುದು. ನಮ್ಮ ಭಾಷೆಯಲ್ಲಿ ಸೈನಿಕನಿಗೆಂದು ಇರುವ ಮಾತುಗಳೆಲ್ಲ ವೀರಗಲ್ಲಿನಿಂದ ಬಂದವು. ತುರು ಕಾಯುತ್ತಾ ಬಿದ್ದವನಿಗೆ, ಊರು ಉಳಿಸಲು ಇರಿದು ಸತ್ತವನಿಗೆ ಕಲ್ಲು ನಿಲ್ಲಿಸಿದ ನಾಡು ಇದು; ಬಿದ್ದವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ಚಿತ್ರವನ್ನೂ ಕೊರೆಸಿದೆ. ಆ ಪಡೆಗೆ ಗಂಜಿ ಬೇಯಿಸಿದವನ ಕಲ್ಲನ್ನು ನಾನಂತೂ ಕಂಡಿಲ್ಲ. ಲೆಕ್ಕದ ಮನುಷ್ಯ ಶಾಸನಗಳಲ್ಲಿ ಬರುವುದು ಕೊನೆಯ ಸಾಲಿನಲ್ಲಿ, ಇದನ್ನು ಬರೆದವನು ಸೇನಬೋವ ಇಂಥವನು ಎಂದು.

ಒಂದು ಅಪವಾದ ನೆನಪಾಗುತ್ತದೆ, ಅದೂ ನಮ್ಮ ಕರಾವಳಿಯ ಕಥೆಯೇ. ಕುರುಕ್ಷೇತ್ರದಲ್ಲಿ ಉಡುಪಿಯ ಅರಸ ಎರಡೂ ಪಕ್ಷಕ್ಕೆ ಸೇರದೆ ಎರಡೂ ಸೈನ್ಯಕ್ಕೆ ಅಡಿಗೆ ಮಾಡಿಸಿದನಂತೆ. ದಿನವೂ ಸಾವಿರಾರು ಜನ ಸಾಯುತ್ತಿದ್ದರೂ ಅನ್ನ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ರಾತ್ರಿ ಕೃಷ್ಣ ತಿಂದ ನೆಲಗಡಲೆಯನ್ನು ಎಣಿಸಿ ಮರುದಿನ ಸಾಯುವವರೆಷ್ಟು ಎಂದು ಅರಸ ತಿಳಿಯುತ್ತಿದ್ದನಂತೆ. ಮಾವನಿಗೆ ಈ ಕಥೆ ಪ್ರೀತಿಯದು, ಆದರೆ ಎರಡು ಆಕ್ಷೇಪಣೆಗಳಿವೆ. ನೆಲಗಡಲೆ ಅಮೆರಿಕ ಖಂಡದಿಂದ ಬಂದ ಬೆಳೆ, ದ್ವಾಪರದಲ್ಲಿ ಎಲ್ಲಿತ್ತು ಎಂಬುದು ಮೊದಲನೆಯದು. ಎರಡನೆಯದು, ಗಾಯಾಳುಗಳ ಲೆಕ್ಕ ಇದರಲ್ಲಿ ಬರಲೇ ಇಲ್ಲ. ಅವರಿಗೂ ಗಂಜಿ ಬೇಕಲ್ಲ?

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪುರಾಣ ಬೇಡ, 1962 ಸಾಕು. ಅಕ್ಟೋಬರಿನ ಚಳಿಯಲ್ಲಿ ಈಶಾನ್ಯ ಗಡಿಯ ನಾಮ್ಕಾ ಚು ಹೊಳೆಯ ದಂಡೆಗೆ ನಮ್ಮ ಸೈನಿಕರು ಹೋದದ್ದು ಬೇಸಗೆಯ ಹತ್ತಿ ಬಟ್ಟೆಯಲ್ಲಿ, ಚೀಲದಲ್ಲಿ ತಾವೇ ಹೊತ್ತಷ್ಟು ಗುಂಡುಗಳ ಜೊತೆ. ವಿಮಾನದಿಂದ ಎಸೆದ ಸಾಮಾನಿನಲ್ಲಿ ಬಹಳಷ್ಟು ಕೈಗೆ ಸಿಗದ ಕಮರಿಗಳಿಗೆ ಬಿತ್ತು. ಅಕ್ಟೋಬರ್ 20ರ ಬೆಳಗ್ಗೆ ಚೀನೀಯರು ಮೇಲೆ ಬಿದ್ದರು. ಅಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಕೊರತೆಯಿದ್ದದ್ದು ಸ್ವೆಟರಿಗೆ. ಮಾವ ಸೇನೆ ಸೇರಿದಾಗ ಆ ಗಾಯ ಇನ್ನೂ ಆರು ವರ್ಷದ್ದು. ಅವರ ಪೀಳಿಗೆಯ ಗುಮಾಸ್ತ ಅಧಿಕಾರಿಗಳೆಲ್ಲ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪಟ್ಟಿ ಬರೆದರು.

ಮಾದರಿಗಾಗಿ ದೊಡ್ಡವರ ಜೀವನವನ್ನೂ ತಿರುವಿ ನೋಡಿದೆ. ಪಾಣತ್ತೂರು ದಾಟಿ ಘಟ್ಟ ಹತ್ತಿದರೆ ಕೊಡಗು. ದಂಡನಾಯಕರಿಗೆ ಬರವಿಲ್ಲದ ನೆರೆ. ಕಾರ್ಯಪ್ಪನವರನ್ನು ನಾವು 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಎಂದು ನೆನೆಯುತ್ತೇವೆ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿಯೂ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ಅವರು ಮಾಡಿದ್ದು ದಾಸ್ತಾನು, ಸಾಗಣೆಗಳ ಸ್ಟಾಫ್ ಕೆಲಸವೇ. ಬ್ರಿಟಿಷರು ಅವರಿಗೆ ಕೊಟ್ಟ ಒ.ಬಿ.ಇ. ಕೂಡ ಶೌರ್ಯದ ಪದಕವಲ್ಲ, ಸೇವೆಯ ಗೌರವ. ಮುಂದೆ ಅಮೆರಿಕ ಅವರಿಗೆ ಲೀಜನ್ ಆಫ್ ಮೆರಿಟ್ ಕೊಟ್ಟಿತು. 1942ರಲ್ಲಿ ಆರಂಭವಾದ ಆ ಪದಕವನ್ನೂ ಅಮೆರಿಕದ ಸೈನ್ಯದಲ್ಲಿ ಹೆಚ್ಚಾಗಿ ಪಡೆಯುವವರು ಮೇಜಿನ ಹಿಂದೆ, ನಕಾಶೆಯ ಮುಂದೆ ದುಡಿದ ಹಿರಿಯ ಅಧಿಕಾರಿಗಳೇ. ತಿಮ್ಮಯ್ಯನವರಂತೂ ಎರಡೂ ಬಗೆಯ ಗೌರವ ಕಂಡವರು. ಬರ್ಮಾದ ರಣರಂಗದ ಮುಂದಾಳುತನಕ್ಕೆ ಡಿ.ಎಸ್.ಒ. ಎಂಬ ಬ್ರಿಟಿಷ್ ಪದಕ; ಕೊರಿಯಾದಲ್ಲಿ ತಾಯ್ನಾಡಿಗೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆಯನ್ನು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಸಂಭಾಳಿಸಿ ಬಂದ ಮೇಲೆ 1954ರಲ್ಲಿ ಪದ್ಮಭೂಷಣ. ಗುಂಡು ಹಾರದಂತೆ ನೋಡಿಕೊಳ್ಳುವುದೂ ಸೈನಿಕನ ಕೆಲಸವೇ ಎಂಬುದು ದೆಹಲಿಗೆ ಅಂದೇ ತಿಳಿದಿತ್ತು. ನಮ್ಮ ಕ್ಲಬ್ಬಿಗೆ ತಿಳಿಯಲು ಇನ್ನೂ ಸಮಯ ಬೇಕು.

ಲೇಹ್‌ಗೆ ಮುಂಚೆ ಮಾವ ಎರಡು ವರ್ಷ ಭೂತಾನದಲ್ಲಿದ್ದರು. 1962ರಿಂದ ಅಲ್ಲಿನ ಹಾ ಕಣಿವೆಯಲ್ಲಿ ನಮ್ಮ ಸೇನೆಯ ತರಬೇತಿ ತಂಡವಿದೆ. ಭೂತಾನದ ಸೈನ್ಯಕ್ಕೆ ಕಲಿಸುವುದು, ಸಲಹೆ ಕೊಡುವುದು ಅದರ ಕೆಲಸ. ಆ ಎರಡು ವರ್ಷದ ಬಗ್ಗೆ ಕೇಳಿದರೆ ಅಲ್ಲಿನ ಮೆಣಸಿನಕಾಯಿ ಮತ್ತು ಗಿಣ್ಣಿನ ಪಲ್ಯದ ವರ್ಣನೆಯೇ ಹೆಚ್ಚು. ಒತ್ತಾಯಿಸಿದ ಮೇಲೆ ಒಂದು ಮಾತು ಹೇಳಿದರು: “ಸಲಹೆಗಾರನ ಕೆಲಸ ಮನೆ ಅಳಿಯನ ಕೆಲಸದ ಹಾಗೆ. ನೋಡಿದ್ದನ್ನೆಲ್ಲ ಹೇಳಬಾರದು. ಹೇಳಿದ್ದನ್ನು ನಾನು ಹೇಳಿದೆ ಎಂದು ಮತ್ತೆ ಹೇಳಬಾರದು.” ಅವರು ಕೊಟ್ಟ ಸಲಹೆಯೊಂದು ಮೂರು ತಿಂಗಳ ಬಳಿಕ ಅಲ್ಲಿನ ಅಧಿಕಾರಿಯೊಬ್ಬರ ಸ್ವಂತ ಯೋಚನೆಯಾಗಿ ಸಭೆಯಲ್ಲಿ ಬಂತಂತೆ. ಮಾವ ಎಲ್ಲರಿಗಿಂತ ಮೊದಲು ತಲೆಯಾಡಿಸಿದರಂತೆ. ಇದನ್ನೂ ಪತ್ರದಲ್ಲಿ ಬರೆಯಲು ಬರುವುದಿಲ್ಲ. ‘ತಾವು ಹೇಳಿದ್ದನ್ನು ಬೇರೆಯವರು ಹೇಳಿದಾಗ ತಲೆಯಾಡಿಸಿದ ಧೀಮಂತರೇ’ ಎಂದರೆ ಜನ ನಕ್ಕಾರು.

ಇಷ್ಟು ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಈ ಪದಕಗಳು ಕಾಗದದ ಮೇಲೆ ಎಲ್ಲ ದರ್ಜೆಯವರಿಗೂ ತೆರೆದಿವೆ. ಆದರೆ ಪ್ರತಿವರ್ಷ ಜನವರಿ 25ರ ರಾತ್ರಿ ಬಿಡುಗಡೆಯಾಗುವ ಪಟ್ಟಿ ನೋಡಿ. ಪರಮ ವಿಶಿಷ್ಟವೆಂದರೆ ಬಹುಮಟ್ಟಿಗೆ ಲೆಫ್ಟಿನೆಂಟ್ ಜನರಲ್‌ಗಳ ಸಾಲು. ಅತಿ ವಿಶಿಷ್ಟದಲ್ಲಿ ಮೇಜರ್ ಜನರಲ್‌ಗಳು ಕಿಕ್ಕಿರಿದಿರುತ್ತಾರೆ. ವಿಶಿಷ್ಟಕ್ಕೆ ಬಂದಾಗ ಕರ್ನಲ್, ಬ್ರಿಗೇಡಿಯರ್‌ಗಳು. ಪದಕ ಸೇವೆಯನ್ನು ಅಳೆಯುತ್ತದೋ ಕುರ್ಚಿಯನ್ನು ಅಳೆಯುತ್ತದೋ ಎಂಬ ಅನುಮಾನ ನನ್ನೊಬ್ಬನದೇ ಇರಲಾರದು. ಸೇನಾ ಪದಕದ್ದು ಇನ್ನೊಂದು ಗೊಂದಲ. ಶೌರ್ಯಕ್ಕೂ ಅದೇ, ಉತ್ತಮ ಸೇವೆಗೂ ಅದೇ. ಎದೆಯ ಮೇಲಿನ ಪಟ್ಟಿ ನೋಡಿ ಯಾವುದೆಂದು ಸಾಮಾನ್ಯರಿಗೆ ತಿಳಿಯುವುದಿಲ್ಲ. ಬಹುಶಃ ನನ್ನಂಥ ಸೋದರಳಿಯಂದಿರ ಅನುಕೂಲಕ್ಕಾಗಿ ಹಾಗೆ ಮಾಡಿರಬೇಕು.

“ಆ ಹವಾಲ್ದಾರ್ ಕ್ಲರ್ಕಿಗೆ ಏನು ಸಿಕ್ಕಿತು?” ಎಂದು ಕೇಳಿದೆ.

ಮಾವ ಸ್ವಲ್ಪ ಹೊತ್ತು ಕರಿಗೋಟನ್ನು ಹೆಕ್ಕಿದರು. ಪ್ರಶಂಸಾ ಪತ್ರಕ್ಕೆ ಶಿಫಾರಸು ಬರೆದಿದ್ದರಂತೆ. ಎಲ್ಲೋ ಒಂದು ಮೇಜಿನಿಂದ, ಈ ವರ್ಷದ ಸಂಖ್ಯೆ ಭರ್ತಿಯಾಗಿದೆ ಎಂದು ಹಿಂದೆ ಬಂತು. ಮರುವರ್ಷ ಕಳಿಸುವಷ್ಟರಲ್ಲಿ ಇವರಿಗೂ ಅವನಿಗೂ ಬೇರೆ ಬೇರೆ ಕಡೆಗೆ ವರ್ಗವಾಯಿತು. “ನನ್ನ ಪದಕದ ಪತ್ರ ಬಂದ ದಿನ ಮೊದಲು ನೆನಪಾದದ್ದು ಅವನ ಎರಡು ಟನ್. ಅವನಿಗೆ ಕಾಗದ ಬರೆದೆ. ಅವನು ಅಭಿನಂದನೆ ಬರೆದ, ಅದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ.” ಅಷ್ಟೇ ಹೇಳಿ ಗೋಣಿಯ ಬಾಯಿ ಕಟ್ಟಿದರು. ಪ್ರತಿವರ್ಷ ದಸರಾಕ್ಕೆ ಉತ್ತರ ಪ್ರದೇಶದ ಒಂದು ಹಳ್ಳಿಗೆ ಇಲ್ಲಿಂದ ಐದು ಕಿಲೋ ಚಾಲಿ ಅಡಿಕೆ ಪಾರ್ಸೆಲ್ ಯಾಕೆ ಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆವತ್ತು.

ಮೊದಲ ಪ್ಯಾರಾದಲ್ಲಿಯೂ ತೊಡಕಿಲ್ಲದೆ ಇರಲಿಲ್ಲ. ಮಾವ ಹುಟ್ಟಿದ್ದು 1946ರಲ್ಲಿ, ಆಗ ಇದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ಹತ್ತು ವರ್ಷವಾದಾಗ, 1956ರ ನವೆಂಬರ್ 1ರಂದು, ಕೇರಳ. ಪದಕ ಬಂದಾಗ ಮಲಯಾಳದ ಪತ್ರಿಕೆಯೊಂದು ಅವರನ್ನು ಮಲಯಾಳಿ ಅಧಿಕಾರಿ ಎಂದು ಬರೆಯಿತು. ಕನ್ನಡದ ಪತ್ರಿಕೆಯೊಂದು ಅವರು ನಮ್ಮ ರಾಜ್ಯದವರಲ್ಲ ಎಂದು ಬಿಟ್ಟೇಬಿಟ್ಟಿತು. ಸೇನೆಯ ದಾಖಲೆಯಲ್ಲಿ ಮಾತ್ರ ಈ ಜಗಳವಿಲ್ಲ. ಅಲ್ಲಿ ಊರಿನ ಗುರುತಿಗೆ ಹತ್ತಿರದ ರೈಲು ನಿಲ್ದಾಣವನ್ನು ಬರೆಯುತ್ತಾರೆ. ಮಾವನದು ಕುಂಬಳೆ. ನಾನೂ ಹಾಗೆಯೇ ಬರೆದೆ: ‘ಕುಂಬಳೆ ರೈಲು ನಿಲ್ದಾಣಕ್ಕೆ ಸಮೀಪದ ಮನೆಯೊಂದರಲ್ಲಿ ಜನಿಸಿ…’ ಕಾರ್ಯದರ್ಶಿ ಓದಿ ಹುಬ್ಬು ಗಂಟಿಕ್ಕಿದ, ಆದರೆ ತಿದ್ದಲಿಲ್ಲ.

ಎರಡನೆಯ ಪ್ಯಾರಾ ಕೊನೆಗೆ ಹೊಳೆದದ್ದು ನಮ್ಮ ದೇವಸ್ಥಾನದ ಬ್ರಹ್ಮಕಲಶ ನೆನಪಾದಾಗ. ಕೆಲವು ವರ್ಷಗಳ ಹಿಂದಿನ ಮಾತು. ಎಂಟು ದಿನ ಅನ್ನಸಂತರ್ಪಣೆ; ಊರೂರಿನಿಂದ ಹೊರೆಕಾಣಿಕೆ ಬಂದು ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳ ರಾಶಿ ಬಿದ್ದಿತ್ತು. ಉಗ್ರಾಣದ ಬಾಗಿಲಲ್ಲಿ ಒಂದು ಮುರುಕು ಮೇಜು, ಅದರ ಹಿಂದೆ ಬನಿಯನ್ ತೊಟ್ಟು ಕೂತ ಮಾವ. ಬೆಳಗ್ಗೆ ನಾಲ್ಕಕ್ಕೆ ಅಡಿಗೆಯವರಿಗೆ ಅಕ್ಕಿ ಅಳೆದು ಕೊಟ್ಟರೆ ಏಳುತ್ತಿದ್ದದ್ದು ರಾತ್ರಿ ಊಟ ಬಡಿಸುವ ಸುಧರಿಕೆ ಮುಗಿದ ಮೇಲೆ. ಭಾನುವಾರ ಜನ ಇಮ್ಮಡಿಯಾಗುತ್ತಾರೆ ಎಂದು ಶುಕ್ರವಾರವೇ ಹೇಳಿದ್ದರು. ನಾಳೆಯ ಸಾರಿಗೆ ಇಂದೇ ಬೇಳೆ ತರಿಸಿದ್ದರು. ಕೊನೆಯ ಪಂಕ್ತಿಯ ಕೊನೆಯ ಎಲೆಗೂ ಪಾಯಸ ಬಂತು. ಕೊನೆಯ ದಿನ ವೇದಿಕೆಯಲ್ಲಿ ನಲವತ್ತು ಜನರಿಗೆ ಶಾಲು ಹೊದೆಸಿದರು. ದಾನಿಗಳು, ಸಮಿತಿಯವರು, ಪೆಂಡಾಲಿನವರು, ಧ್ವನಿವರ್ಧಕದವರು. ಉಗ್ರಾಣ ಯಾರ ನೆನಪಿಗೂ ಬರಲಿಲ್ಲ. ಆ ಹೊತ್ತಿಗೆ ಮಾವ ಒಳಗೆ ಉಳಿದ ಅಕ್ಕಿಯನ್ನು ಅಳೆಯುತ್ತಿದ್ದರು. ಎರಡು ಮುಡಿಗೆ ಸ್ವಲ್ಪ ಕಡಿಮೆ.

ಇದನ್ನೇ ಬರೆದೆ. ‘ಬ್ರಹ್ಮಕಲಶದ ಎಂಟು ದಿನ ನಮ್ಮೆಲ್ಲರ ಎಲೆಗೆ ಅನ್ನ ಬಂದದ್ದು ಹೇಗೆಂದು ನಾವು ಕೇಳಲಿಲ್ಲ. ಲಡಾಖಿನ ಹಿಮದಲ್ಲಿ ಸಾವಿರಾರು ಯೋಧರೂ ಹಾಗೆಯೇ ಕೇಳದೆ ಉಂಡರು.’ ಯುದ್ಧದ ಹೆಸರಿಲ್ಲ, ಟ್ಯಾಂಕಿಲ್ಲ. ಮಾವನಿಗೆ ತೋರಿಸಿದೆ. ಕೆಂಪು ಪೆನ್ನು ತೆಗೆದುಕೊಂಡು ಒಂದೇ ಕಡೆ ತಿದ್ದಿದರು: ‘ಮೂವತ್ತು ವರ್ಷಗಳ ಸೇವೆ’ ಎಂದಿದ್ದುದನ್ನು ‘29 ವರ್ಷ 8 ತಿಂಗಳು’ ಎಂದು ಮಾಡಿದರು.

ಸಮಾರಂಭದ ದಿನ ನಿರೂಪಕ ಪತ್ರ ಓದುವ ಮೊದಲು ತನ್ನದೇ ಪೀಠಿಕೆ ಹಾಕಿದ: “ಶತ್ರುವಿನ ಗುಂಡಿಗೆ ಎದೆಯೊಡ್ಡಿ ನಿಂತ ವೀರಯೋಧ…” ಜನ ಚಪ್ಪಾಳೆ ಹೊಡೆದರು. ನಾನು ನೆಲ ನೋಡಿದೆ. ಪೇಟ, ಶಾಲು, ಹಾರ, ಸ್ಮರಣಿಕೆ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮಾವ ಮೈಕಿನ ಮುಂದೆ ನಿಂತರು. “ನನಗೆ ಒಂದು ಗುಂಡೂ ತಗಲಿಲ್ಲ. ಲೇಹ್‌ನಲ್ಲಿ ಒಮ್ಮೆ ಮಂಜಿನ ಮೇಲೆ ಜಾರಿ ಬಿದ್ದು ಕೈ ಮುರಿದಿತ್ತು. ಅದಕ್ಕೆ ಪದಕ ಕೊಡುವ ಪದ್ಧತಿ ಇಲ್ಲ” ಎಂದರು. ಜನ ನಕ್ಕರು. ಆಮೇಲೆ ಅದೇ ದನಿಯಲ್ಲಿ, “ಊಟಕ್ಕೆ ಅಂದಾಜು ಮುನ್ನೂರು ಜನ ಇದ್ದೀರಿ. ಅಡಿಗೆಯವರಿಗೆ ಇನ್ನೂರೈವತ್ತು ಎಂದು ಹೇಳಿರುವ ಹಾಗಿದೆ. ಯಾರಾದರೂ ಹೋಗಿ ಇನ್ನೊಂದು ಪಾತ್ರೆ ಅನ್ನಕ್ಕೆ ಇಡಲು ಹೇಳಿ” ಎಂದು ಕೈ ಮುಗಿದು ಕೂತರು. ಇದನ್ನೂ ಜನ ತಮಾಷೆ ಎಂದೇ ತಿಳಿದರು. ಕಾರ್ಯದರ್ಶಿ ಮಾತ್ರ ಎದ್ದು ಅಡಿಗೆ ಶೆಡ್ಡಿನ ಕಡೆ ಓಡಿದ.

ಹಣ್ಣಿನ ಬುಟ್ಟಿ ನನ್ನ ಕಾರಿನಲ್ಲೇ ಉಳಿದಿತ್ತು. ಮರುದಿನ ಬೆಳಗ್ಗೆ ಕೊಂಡು ಹೋದೆ. ಮಾವ ಜಗಲಿಯಲ್ಲಿ ಹಳದಿ ಕಾಗದ ಬಿಚ್ಚಿ ಎಲ್ಲವನ್ನೂ ಸಾಲಾಗಿ ಇಟ್ಟರು. ಸೇಬು ಆರು, ಕಿತ್ತಳೆ ಹತ್ತು, ಒಂದು ಅನಾನಸು. ತೋಟದ ಕೆಲಸಕ್ಕೆ ಬರುವ ನಾಲ್ವರಿಗೆ, ಅಡಿಗೆಗೆ ಸಹಾಯ ಮಾಡುವ ಅಕ್ಕನಿಗೆ, ಆಚೆ ಮನೆಯ ಮಕ್ಕಳಿಗೆ, ಅತ್ತೆಗೆ ಎಂದು ಪಾಲು ಮಾಡುತ್ತಾ ಹೋದರು. ಕೊನೆಗೆ ಒಂದು ಕಿತ್ತಳೆ ಉಳಿಯಿತು.

“ಇದು ಶೇಷ. ಪತ್ರ ಬರೆದದ್ದಕ್ಕೆ ನೀನು ಇಟ್ಟುಕೋ” ಎಂದರು.

ಅಲ್ಲೇ ಕೂತು ಸುಲಿದೆ. ಒಳಗೆ ಅರ್ಧ ಕೊಳೆತಿತ್ತು. ಮಾವ ಬಗ್ಗಿ ನೋಡಿದರು.

“ಹತ್ತರಲ್ಲಿ ಒಂದು” ಎಂದರು.